ಹಳೆಯ ಬಣ್ಣ ಕೆರೆಯುವಾಗ ಸೀಸದ ಧೂಳು ಏಳದಂತೆ ನಾನು ಮಾಡುವ ಕೆಲಸ

ಹಳೆಯ ಮನೆಯಲ್ಲಿ ಸೀಸ ಹೆಚ್ಚಾಗಿ ಅಡಗಿರುವುದು ಕದ, ಕಿಟಕಿ, ಕಂಬಿಗಳ ಎಣ್ಣೆಬಣ್ಣದ ಅಡಿಪದರಗಳಲ್ಲಿ. ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣವನ್ನು ನಾನು ಕೆರೆಯುವುದಿಲ್ಲ, ಅದರ ಮೇಲೆಯೇ ಹೊಸದನ್ನು ಬಳಿಯುತ್ತೇನೆ. ಚೌಕಟ್ಟಿಗೆ ಉಜ್ಜುವ ಅಂಚುಗಳ ಮಾತು ಬೇರೆ. ತೆರೆದು ಮುಚ್ಚಿದಾಗಲೆಲ್ಲ ಅಲ್ಲಿ ಪುಡಿ ಉದುರುತ್ತದೆ, ತೆಗೆಯಲೇಬೇಕು.

ಸೀಸವಿದೆಯೇ ಎಂದು ತೋರಿಸುವ ಪರೀಕ್ಷೆಯ ಕಿಟ್ಟನ್ನು ಮೇಲ್ಪದರಕ್ಕೆ ಒರೆಸಿ ನಿರಾಳವಾಗುವವರೇ ಹೆಚ್ಚು. ಬ್ಲೇಡಿನಿಂದ ಮರ ಕಾಣುವವರೆಗೆ ಓರೆಯಾಗಿ ಕೊಯ್ದು ಎಲ್ಲ ಪದರಗಳಿಗೂ ತಾಗಿಸಬೇಕು. ಗೋಡೆಯ ಪ್ಲಾಸ್ಟರ್‌ನ ಜಿಪ್ಸಮ್ ಪುಡಿ ಬೆರೆತರೆ ಕೆಲವು ಕಿಟ್‌ಗಳು ಸೀಸವಿದ್ದರೂ ತೋರಿಸವು. ಅನುಮಾನವಿದ್ದರೆ ಪೂರ್ತಿ ಚಕ್ಕೆಯನ್ನು ಪ್ರಯೋಗಾಲಯಕ್ಕೆ ಕೊಡುವುದೇ ಸರಿ.

ಕೋಣೆ ಖಾಲಿ ಮಾಡಿ, ಫ್ಯಾನು, ಎಸಿ ನಿಲ್ಲಿಸಿ, ಕೆಲಸದ ಜಾಗದಿಂದ 2 ಮೀಟರ್‌ವರೆಗೆ 0.15 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಸಿ ಅಂಚಿಗೆ ಟೇಪ್ ಹಾಕುತ್ತೇನೆ. ಬಾಗಿಲಿಗೂ ಒಂದು ಹಾಳೆ. ಕೋಣೆ ತೊಳೆದು ಮುಗಿಯುವವರೆಗೆ ಮಕ್ಕಳು, ಗರ್ಭಿಣಿಯರು ಅತ್ತ ಸುಳಿಯಬಾರದು.

ಕೆರೆಯುವುದೆಲ್ಲ ಒದ್ದೆಯಲ್ಲೇ. ಬರೀ ನೀರು ಎಣ್ಣೆಬಣ್ಣದ ಮೇಲೆ ಜಾರಿಹೋಗುತ್ತದೆ. ಸ್ಪ್ರೇ ಬಾಟಲಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದರೆ ನಿಲ್ಲುತ್ತದೆ. ಒಂದೊಂದು ಗೇಣು ನೆನೆಸಿ, ಕೆರೆದು, ಒಣಗುವ ಮೊದಲೇ ಚಕ್ಕೆ ಬಾಚಿಕೊಳ್ಳಬೇಕು. ಸ್ವಿಚ್ ಬೋರ್ಡಿನ ಸುತ್ತ ನೀರು ಸಿಂಪಡಿಸಬೇಡಿ. ಹೆಪಾ ಫಿಲ್ಟರ್ (ಅತಿ ನುಣ್ಣನೆಯ ಧೂಳನ್ನೂ ಹಿಡಿಯುವ ಸೋಸುಕ) ಜೋಡಿಸದ ಸ್ಯಾಂಡಿಂಗ್ ಯಂತ್ರವಂತೂ ಬೇಡವೇ ಬೇಡ. ಉರಿಯಿಂದ ಬಣ್ಣ ಕಾಯಿಸುವ ಬ್ಲೋ ಲ್ಯಾಂಪ್ ಕೂಡ ಹಾಗೆಯೇ: ಸುಮಾರು 590 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೀಸ ಹೊಗೆಯಾಗಿ ಏಳುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ ಬಳಸಿದರೂ ಅದರ ಬಿಸಿಯನ್ನು ಅದಕ್ಕಿಂತ ಸಾಕಷ್ಟು ಕೆಳಗಿಡಬೇಕು.

ಮೂಗಿಗೆ ಕಟ್ಟಿದ ಬಟ್ಟೆ ಈ ಧೂಳನ್ನು ತಡೆಯದು. ನುಣ್ಣನೆಯ ಧೂಳನ್ನು ಹಿಡಿಯುವ ಪಿ100 ಅಥವಾ ಪಿ3 ದರ್ಜೆಯ ಫಿಲ್ಟರ್‌ನ ಮಾಸ್ಕ್ ಬೇಕು. ಗಡ್ಡವಿದ್ದರೆ ಅದೂ ಕೆನ್ನೆಯ ಬಳಿ ಸೋರುತ್ತದೆ.

ತೊಳೆಯಲು ಕೆರೆದಷ್ಟೇ ಹೊತ್ತು ಹಿಡಿಯುತ್ತದೆ. ಪ್ಲಾಸ್ಟಿಕ್ಕನ್ನು ಒದ್ದೆ ಮಾಡಿ ಕೊಳೆ ಒಳಗೆ ಬರುವಂತೆ ಮಡಚಿ, ಚೀಲ ಕಟ್ಟಿ, ಅಪಾಯಕಾರಿ ಕಸದ ಸ್ಥಳೀಯ ನಿಯಮದಂತೆ ವಿಲೇವಾರಿ ಮಾಡಬೇಕು. ಬಣ್ಣವಿರುವ ಮರದ ತುಂಡು ಒಲೆಗೆ ಹೋಗಬಾರದು. ಪೊರಕೆ ಮುಟ್ಟಬೇಡಿ, ಸಾಮಾನ್ಯ ವ್ಯಾಕ್ಯೂಮ್ ನುಣ್ಣನೆಯ ಧೂಳನ್ನು ಹಿಂದಿನಿಂದ ಊದಿ ಕೋಣೆಗೆಲ್ಲ ಹರಡುತ್ತದೆ. ಹೆಪಾ ವ್ಯಾಕ್ಯೂಮ್ ಹಿಡಿದು, ಸಾಬೂನು ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ ವ್ಯಾಕ್ಯೂಮ್. ಒರೆಸುವ ಬಟ್ಟೆ ಹಿಂಡಲು ಬೇರೆ ಬಕೆಟ್ ಇರಲಿ, ಇಲ್ಲವಾದರೆ ಅದೇ ಸೀಸವನ್ನು ನೆಲಕ್ಕೆ ಮತ್ತೆ ಬಳಿದಂತೆ. ಕೆಲಸದ ಬಟ್ಟೆ ಮನೆಯವರ ಬಟ್ಟೆಯೊಂದಿಗೆ ಬೆರೆಯಬಾರದು. ಕೈ-ಮುಖ ತೊಳೆಯದೆ ನೀರೂ ಕುಡಿಯಬಾರದು.