ತೊಟ್ಟಿ ಮನೆಗೂ ವೈಫೈ ಮುಟ್ಟಿಸಬಹುದು: ಮನೆಯೊಳಗೆ ಕಂಪ್ಯೂಟರ್ ಜಾಲ ಕಟ್ಟುವ ಕ್ರಮ

ಮೈಸೂರಿನ ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳಿಗೆ ಫೈಬರ್ ಸಂಪರ್ಕ ಬರುವ ರೀತಿ ಹೆಚ್ಚುಕಡಿಮೆ ಒಂದೇ. ಬೀದಿಯ ಕಂಬದಿಂದ ಹೊರಟ ಕಪ್ಪು ತಂತಿ ಕಾಂಪೌಂಡು ದಾಟಿ, ಮುಂಬಾಗಿಲ ಪಕ್ಕದ ಕಿಟಕಿಯ ಚೌಕಟ್ಟಿನಲ್ಲಿ ಕೊರೆದ ತೂತಿನಿಂದ ಒಳಗಿಳಿದು, ಟಿ.ವಿ. ಗೂಡಿನಲ್ಲೋ ಚಪ್ಪಲಿ ಸ್ಟ್ಯಾಂಡಿನ ಮೇಲೋ ನಿಲ್ಲುತ್ತದೆ. ರೂಟರ್ ಕೂಡ ಅಲ್ಲೇ ಕೂರುತ್ತದೆ. ಓದುವ ಮಕ್ಕಳ ಮೇಜು, ಮನೆಯಿಂದಲೇ ಕಚೇರಿ ಕೆಲಸ ಮಾಡುವವರ ಲ್ಯಾಪ್‌ಟಾಪ್ ಇರುವುದು ಹಿಂದಿನ ಕೋಣೆಯಲ್ಲಿ ಇಲ್ಲವೇ ಮಹಡಿಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು ಎರಡೋ ಮೂರೋ. ವೇಗ ಸಾಲದೆಂದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಯೋಜನೆ ಬಿಟ್ಟು 200ಕ್ಕೆ ಹೋದವರಿಗೆ ಮುಂಬಾಗಿಲ ಬಳಿ 200 ಸಿಗುತ್ತದೆ, ಹಿಂದಿನ ಕೋಣೆಯಲ್ಲಿ ಮೊದಲಿದ್ದ ಎಂಟು ಹತ್ತೇ ಗತಿ. ಆ ಹೆಚ್ಚುವರಿ ಬಾಡಿಗೆಯ ಹಣದಲ್ಲಿ ಒಮ್ಮೆ ಮನೆಯೊಳಗೆ ತಂತಿ ಎಳೆಸಿಬಿಡುವುದು ಲೇಸೆಂದು ನನಗೆ ಕಂಡುಕೊಳ್ಳಲು ಎರಡು ವರ್ಷ ಬೇಕಾಯಿತು.

ಹಂತ 1: ಮನೆಯ ನಕ್ಷೆ ಬರೆಯಿರಿ

ಹಾಳೆಯೊಂದರ ಮೇಲೆ ಕೋಣೆ, ಗೋಡೆ, ಬಾಗಿಲುಗಳನ್ನು ಸುಮಾರಾಗಿ ಗುರುತಿಸಿ, ಜಾಲಕ್ಕೆ ಸೇರಬೇಕಾದ ಸಾಧನಗಳನ್ನು ಎರಡು ಗುಂಪು ಮಾಡಿ. ಟಿ.ವಿ., ಮೇಜಿನ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಪೆಟ್ಟಿಗೆ ಇವು ಇಟ್ಟಲ್ಲೇ ಇರುವಂಥವು, ಇವಕ್ಕೆ ತಂತಿ. ಕೈಯಲ್ಲಿ ಓಡಾಡುವ ಫೋನು, ಲ್ಯಾಪ್‌ಟಾಪುಗಳಿಗೆ ವೈಫೈ. ಸಿಗ್ನಲ್ಲಿಗೆ ಅಡ್ಡವಾಗುವ ವಸ್ತುಗಳನ್ನೂ ನಕ್ಷೆಯಲ್ಲಿ ತೋರಿಸಬೇಕು: ಉಕ್ಕಿನ ಬೀರು, ಫ್ರಿಜ್, ಆಳೆತ್ತರದ ಕನ್ನಡಿ, ನೀರಿನ ಟ್ಯಾಂಕು. ಲೋಹ ರೇಡಿಯೊ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ಬಿಟ್ಟಷ್ಟು ಸಿಗ್ನಲ್ಲನ್ನು ಬಿಡದಿರುವುದಕ್ಕೂ ಇದೇ ಕಾರಣ.

ಹಂತ 2: ಫೈಬರ್ ಎಲ್ಲಿ ಒಳಬರಬೇಕೆಂದು ನೀವೇ ಹೇಳಿ

ಸಂಪರ್ಕ ಕೊಡಲು ಬರುವ ಹುಡುಗ ದಿನಕ್ಕೆ ಹಲವು ಮನೆ ಮುಗಿಸಬೇಕಾದವನು, “ಇಲ್ಲೇ ಹಾಕ್ಬಿಡ್ಲಾ ಸರ್?” ಎಂದು ಅವನು ಕೇಳುವ ಜಾಗ ಬಾಗಿಲಿಗೆ ಅತಿ ಹತ್ತಿರದ ಜಾಗವೇ ಆಗಿರುತ್ತದೆ. ಹೂಂ ಎನ್ನುವ ಮೊದಲು ನಕ್ಷೆ ನೋಡಿಕೊಳ್ಳಿ. ಮನೆಯ ನಡುಭಾಗಕ್ಕೆ, ನೆಲದಿಂದ ಐದಾರು ಅಡಿ ಎತ್ತರದ ಗೋಡೆಗೆ ಫೈಬರ್ ಬಂದರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ. ಫೈಬರಿನ ಒಳಗಿರುವುದು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಾದ್ದರಿಂದ ಮೂಲೆಗಳಲ್ಲಿ ಅದನ್ನು ಮಡಿಸದೆ ಬಳೆಯಂತೆ ಸುತ್ತಾಗಿ ತಿರುಗಿಸಬೇಕು. ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ಎಂಬ ಕೆಂಪು ದೀಪ ಉರಿದರೆ ಬೆಳಕು ಒಳಗೆ ತಲುಪುತ್ತಿಲ್ಲವೆಂದು ಅರ್ಥ; ಆಗ ರೂಟರಿನ ಸೆಟ್ಟಿಂಗುಗಳನ್ನು ಕೆದಕಿ ಪ್ರಯೋಜನವಿಲ್ಲ.

ಹಂತ 3: ತಂತಿ ಎಳೆಯುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅಂಗಡಿಯಲ್ಲಿ ‘ಲ್ಯಾನ್ ಕೇಬಲ್’ ಎಂದರೆ ಹಲವು ಬಗೆ ತೋರಿಸುತ್ತಾರೆ. ಮನೆಗೆ ಕ್ಯಾಟ್ 6 ಕೇಳಿ. ಅದು 100 ಮೀಟರ್ ದೂರದವರೆಗೆ 1 ಗಿಗಾಬಿಟ್ (1000 ಎಂಬಿಪಿಎಸ್) ವೇಗವನ್ನೂ, ಸುಮಾರು 55 ಮೀಟರಿನೊಳಗೆ 10 ಗಿಗಾಬಿಟ್ ವೇಗವನ್ನೂ ಸಾಗಿಸಬಲ್ಲದು. ಮನೆಯಲ್ಲಿ ಈಗಾಗಲೇ ಕ್ಯಾಟ್ 5ಇ ಎಳೆದಿದ್ದರೆ ಅದೂ 1 ಗಿಗಾಬಿಟ್ಟಿಗೆ ಸಾಲುತ್ತದೆ, ಕಿತ್ತುಹಾಕಬೇಕಿಲ್ಲ. ಗಮನಿಸಬೇಕಾದ ಅಂಶ ತಾಮ್ರ. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಮಾತ್ರ ಕೊಟ್ಟಿರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಹೊಳೆದರೆ ಅದನ್ನು ಹಿಂದಿರುಗಿಸಿ. ಅಂಥ ಎಳೆ ಎರಡು ಮೂರು ಬಾರಿ ಬಾಗಿಸಿದರೆ ಮುರಿಯುತ್ತದೆ, ಗೋಡೆಯೊಳಗೆ ಮುರಿದರೆ ಹುಡುಕುವವರಿಲ್ಲ.

ಲ್ಯಾನ್ ಕೇಬಲ್ಲನ್ನು 230 ವೋಲ್ಟ್ ವಿದ್ಯುತ್ ತಂತಿ ಹೋಗುವ ಪೈಪಿನೊಳಗೆ ತೂರಿಸಬಾರದು. ಹಾಗೆ ಮಾಡಿದರೆ ಡೇಟಾ ಕೆಡುವುದಷ್ಟೇ ಅಲ್ಲದೆ, ಒಳಗೆಲ್ಲೋ ಇನ್ಸುಲೇಷನ್ ಸುಲಿದರೆ ಜೀವಕ್ಕೇ ಅಪಾಯ. ಪ್ರತ್ಯೇಕ ಪಿವಿಸಿ ಪೈಪು ಹಾಕಿ, ವಿದ್ಯುತ್ ಪೈಪಿನಿಂದ ಒಂದಡಿಯಷ್ಟು ದೂರವಿಟ್ಟು, ಅನಿವಾರ್ಯವಾಗಿ ದಾಟಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಹೆಂಚಿನ ಮನೆಯ ಅಟ್ಟದಲ್ಲಿ ಬರಿಯ ಕೇಬಲ್ ಬಿಟ್ಟರೆ ಇಲಿಗಳು ಒಂದು ತಿಂಗಳೂ ಉಳಿಸುವುದಿಲ್ಲ. ಅಲ್ಲಿಯೂ ಪೈಪು ಬೇಕು. ತಾರಸಿಯ ಮೇಲೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದು ಪಕ್ಕದ ಔಟ್‌ಹೌಸಿಗೆ ಜೋಡಿಸುವವರಿದ್ದಾರೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ, ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ಆ ತಂತಿಯಲ್ಲಿ ಹುಟ್ಟುವ ವೋಲ್ಟೇಜು ಎರಡೂ ಕಡೆಯ ಸಾಧನಗಳನ್ನು ಸುಡಬಲ್ಲದು. ಎರಡು ಕಟ್ಟಡಗಳ ನಡುವೆ ವಿದ್ಯುತ್ ಹರಿಯದ ಫೈಬರ್ ಬಳಸುವುದೇ ಕ್ಷೇಮ.

ತುದಿಗೆ ಪ್ಲಗ್ ಹಾಕುವುದನ್ನು ಮನೆಯಲ್ಲೇ ಕಲಿಯಬಹುದು. ಪ್ಲಗ್ಗನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ, ಆರ್‌ಜೆ 45 ಪ್ಲಗ್, ಸಣ್ಣದೊಂದು ಲ್ಯಾನ್ ಕೇಬಲ್ ಟೆಸ್ಟರ್ ಇದ್ದರೆ ಸಾಕು. ಸಿಪ್ಪೆ ಸುಲಿದಾಗ ನಾಲ್ಕು ಜೊತೆ, ಅಂದರೆ ಎಂಟು ಎಳೆಗಳು ಕಾಣುತ್ತವೆ. ಪ್ಲಗ್ಗಿನ ಕ್ಲಿಪ್ಪು ಕೆಳಮುಖವಾಗಿರುವಂತೆ ಹಿಡಿದು ಎಡದಿಂದ ಬಲಕ್ಕೆ ಹೀಗೆ ಜೋಡಿಸಬೇಕು: ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. 100 ಎಂಬಿಪಿಎಸ್ ವೇಗಕ್ಕೆ ಕಿತ್ತಳೆ, ಹಸಿರು ಜೊತೆಗಳಷ್ಟೇ ಸಾಕು. ಗಿಗಾಬಿಟ್ಟಿಗೆ ಎಂಟೂ ಎಳೆ ಬೇಕು. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ 200ರ ಯೋಜನೆಯಿದ್ದರೂ ವೇಗ 94ರಿಂದ ಮೇಲೇರದೆ ಇದ್ದಾಗ ನಾನು ರೂಟರನ್ನೂ ಸೇವೆ ಕೊಡುವವರನ್ನೂ ವಾರಗಟ್ಟಲೆ ದೂರಿದೆ. ಕೊನೆಗೆ ಟೆಸ್ಟರ್ ಹಚ್ಚಿ ನೋಡಿದರೆ ನಾನೇ ಒತ್ತಿದ ಪ್ಲಗ್ಗಿನಲ್ಲಿ ಕಂದು ಎಳೆ ಪೂರ್ತಿ ಒಳಗೆ ಹೋಗಿರಲಿಲ್ಲ. ವೇಗ ನೂರರ ಆಸುಪಾಸಿನಲ್ಲೇ ಗಟ್ಟಿಯಾಗಿ ನಿಂತಿದ್ದರೆ ಮೊದಲು ನೋಡಬೇಕಾದುದು ಎಳೆಗಳನ್ನು.

ಹಂತ 4: ಸ್ವಿಚ್ ಮತ್ತು ಒಳವಿಳಾಸ

ರೂಟರಿನ ಹಿಂದೆ ಸಾಮಾನ್ಯವಾಗಿ ನಾಲ್ಕೇ ಕಿಂಡಿಗಳಿರುತ್ತವೆ. ಹೆಚ್ಚು ಬೇಕಾದರೆ ಐದು ಅಥವಾ ಎಂಟು ಕಿಂಡಿಗಳ ಗಿಗಾಬಿಟ್ ಸ್ವಿಚ್ ತಂದು ಜೋಡಿಸಿದರಾಯಿತು, ಅದಕ್ಕೆ ಯಾವ ಸೆಟ್ಟಿಂಗೂ ಬೇಡ.

ಒಳವಿಳಾಸವನ್ನು ಅರ್ಥ ಮಾಡಿಕೊಳ್ಳಲು ಹಳೆಯ ವಠಾರವನ್ನು ನೆನೆಯಬಹುದು. ಬೀದಿಗೆ ವಠಾರದ್ದು ಒಂದೇ ಡೋರ್ ನಂಬರು. ಒಳಗಿನ ಹತ್ತು ಮನೆಗಳ ಕಾಗದವೆಲ್ಲ ಗೇಟಿನವರೆಗೆ ಆ ನಂಬರಿನಲ್ಲೇ ಬಂದು, ಅಲ್ಲಿಂದ ಯಾರದು ಯಾರಿಗೆಂದು ಹಂಚಿಕೆಯಾಗುತ್ತದೆ. ರೂಟರ್ ಮಾಡುವುದು ಈ ಹಂಚಿಕೆಯನ್ನೇ. ಒಳಗಿನ ಸಾಧನಗಳಿಗೆ ಅದು 192.168 ಎಂದು ಆರಂಭವಾಗುವ ಐಪಿ ವಿಳಾಸಗಳನ್ನು ತಾನಾಗಿ ಕೊಡುತ್ತದೆ. ಹೀಗೆ ಕೊಡುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಇವು ಒಳಬಳಕೆಗೆಂದೇ ಮೀಸಲಾದ ವಿಳಾಸಗಳಾದ್ದರಿಂದ ನಿಮ್ಮ ಮನೆಯಲ್ಲಿರುವ ವಿಳಾಸವೇ ಪಕ್ಕದ ಮನೆಯಲ್ಲಿದ್ದರೂ ತೊಂದರೆಯಿಲ್ಲ. ಪ್ರಿಂಟರಿಗೆ ಮಾತ್ರ ರೂಟರಿನಲ್ಲಿ ಒಂದು ವಿಳಾಸವನ್ನು ಕಾಯ್ದಿರಿಸಿ, ಇಲ್ಲದಿದ್ದರೆ ಎಂದೋ ಒಂದು ದಿನ ವಿಳಾಸ ಬದಲಾಗಿ ಕಂಪ್ಯೂಟರಿಗೆ ಅದು ಸಿಗದೆ ಹೋಗುತ್ತದೆ.

ಹಂತ 5: ಎರಡನೆಯ ವೈಫೈ ಪೆಟ್ಟಿಗೆ

ವೈಫೈ ಸಾಮಾನ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸ್ ಪಟ್ಟಿ ವೇಗವಾದದ್ದು, ಆದರೆ ದಪ್ಪ ಗೋಡೆಗೆ ಸೋಲುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿ ಗೋಡೆಯನ್ನು ಸ್ವಲ್ಪ ಹೆಚ್ಚು ದಾಟುತ್ತದೆ, ಆದರೆ ನಿಧಾನ. ಮೈಕ್ರೊವೇವ್ ಒಲೆಯೂ ಬ್ಲೂಟೂತ್ ಸಾಧನಗಳೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ದೂರದ ಕೋಣೆಗೆ ಅಂಗಡಿಯವರು ಸೂಚಿಸುವ ರಿಪೀಟರ್ ನನಗೆ ಮೆಚ್ಚುಗೆಯಾಗಿಲ್ಲ. ಅದು ಗೋಡೆ ದಾಟಿ ಬಂದ ಸಿಗ್ನಲ್ಲನ್ನೇ ಕೇಳಿ ಮತ್ತೆ ಹೇಳಬೇಕು. ಎರಡಕ್ಕೂ ಒಂದೇ ರೇಡಿಯೊ ಇದ್ದರೆ ವೇಗ ಅರ್ಧಕ್ಕಿಳಿಯುತ್ತದೆ. ಹಂತ 3ರಲ್ಲಿ ಎಳೆದ ತಂತಿಯ ತುದಿಗೆ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ತಂತಿಯಲ್ಲಿ ಬಂದುದನ್ನು ವೈಫೈಯಾಗಿ ಹರಡುವ ಪೆಟ್ಟಿಗೆಯಾಗಿ, ಜೋಡಿಸಿದರೆ ಈ ನಷ್ಟವಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯದೇ ಆದೀತು.

ಕ್ರಮ ತಪ್ಪದಿರಲಿ. ಮೊದಲು ಎರಡನೆಯ ರೂಟರನ್ನು ಜಾಲಕ್ಕೆ ಸೇರಿಸದೆ ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ, ಅದರ ವೈಫೈ ಹೆಸರು, ಪಾಸ್‌ವರ್ಡುಗಳನ್ನು ಮೊದಲ ರೂಟರಿನದಕ್ಕೆ ಸಮನಾಗಿಸಿ. ಮೊದಲನೆಯದರ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆ ಸಂಖ್ಯೆ ಮೊದಲ ರೂಟರ್ ಹಂಚುವ ವಿಳಾಸಗಳ ಸಾಲಿನಲ್ಲಿ ಇರಕೂಡದು. ಆಮೇಲೆ ಇದರ ಡಿಎಚ್‌ಸಿಪಿಯನ್ನು ನಿಲ್ಲಿಸಿ. ಒಂದು ವಠಾರಕ್ಕೆ ಇಬ್ಬರು ಹಂಚಿಕೆದಾರರಿದ್ದರೆ ಏನಾಗುತ್ತದೋ, ಇದನ್ನು ಮರೆತರೆ ಜಾಲಕ್ಕೂ ಅದೇ ಆಗುತ್ತದೆ. ಕೊನೆಗೆ ಮೊದಲ ರೂಟರಿನ ಲ್ಯಾನ್ ಕಿಂಡಿಯಿಂದ ಬಂದ ಕೇಬಲ್ಲನ್ನು ಎರಡನೆಯದರ ಲ್ಯಾನ್ ಕಿಂಡಿಗೇ ಹಾಕಿ, ಬಣ್ಣ ಬೇರೆಯಿರುವ ‘ವ್ಯಾನ್’ ಕಿಂಡಿಯನ್ನು ಖಾಲಿ ಬಿಡಿ. ಹೊಸ ರೂಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಒಂದೇ ಆಯ್ಕೆ ಇಷ್ಟನ್ನೂ ಮಾಡಿಬಿಡುತ್ತದೆ. 2.4ರ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6, 11 ಮಾತ್ರ. ಎರಡು ಪೆಟ್ಟಿಗೆಗಳಿಗೆ ಇವುಗಳಲ್ಲಿ ಬೇರೆ ಬೇರೆಯದನ್ನು ಕೊಡಬೇಕು.

ಮಂಡ್ಯದ ಕಡೆಯ ಹಳ್ಳಿಗಳ ತೊಟ್ಟಿ ಮನೆಗಳಲ್ಲಿ ಮಣ್ಣಿನ ಗೋಡೆ ಎರಡಡಿ ದಪ್ಪವಿರುವುದುಂಟು, ಅದರ ಮೂಲಕ ಸಿಗ್ನಲ್ ಹಾಯಿಸುವ ಪ್ರಯತ್ನವೇ ವ್ಯರ್ಥ. ಆದರೆ ಆ ಮನೆಗಳ ರಚನೆಯಲ್ಲೇ ಒಂದು ಅನುಕೂಲವಿದೆ: ನಡುವಿನ ತೊಟ್ಟಿ ಬಯಲು, ಸುತ್ತಲಿನ ಕೋಣೆಗಳ ಬಾಗಿಲೆಲ್ಲ ಪಡಸಾಲೆಗೇ ತೆರೆಯುತ್ತವೆ. ಎರಡನೆಯ ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಗೆ, ಎರಚಲು ತಾಗದಷ್ಟು ಒಳಗೆ, ತೊಟ್ಟಿಯ ಕಡೆ ಮುಖ ಮಾಡಿ ಕಟ್ಟಿದರೆ ಅಲೆಗಳು ಬಯಲನ್ನು ದಾಟಿ ಎದುರಿನ ಬಾಗಿಲುಗಳೊಳಗೆ ಇಳಿಯುತ್ತವೆ. ನೆಂಟರ ಮನೆಯೊಂದರಲ್ಲಿ ಹೀಗೆ ಕಟ್ಟಿದ ಮೇಲೆ ಅಡುಗೆಮನೆಯ ಒಲೆಯ ಮುಂದೆಯೂ ವಿಡಿಯೊ ಕರೆ ತಡೆಯದೆ ನಡೆಯಿತು. ಬಾಗಿಲು ಮುಚ್ಚಿದಾಗ ತುಸು ಕುಂದಿತು, ಹಳೆಯ ಬಾಗಿಲಿನ ಹಲಗೆಯ ದಪ್ಪ ಅಂಥದ್ದು.

ಹಂತ 6: ಬೀಗ

ವೈಫೈ ಭದ್ರತೆಗೆ ಡಬ್ಲ್ಯುಪಿಎ3 ಇದ್ದರೆ ಅದನ್ನೂ, ಹಳೆಯ ಸಾಧನಗಳಿದ್ದರೆ ಡಬ್ಲ್ಯುಪಿಎ2 ಅನ್ನೂ ಆರಿಸಿ. ರೂಟರಿನೊಳಗೆ ಹೋಗುವ ‘ಅಡ್ಮಿನ್’ ಪಾಸ್‌ವರ್ಡು ಬೇರೆಯೇ ಒಂದಿದೆ, ಅದನ್ನು ಬದಲಿಸದೆ ಬಿಡುವವರೇ ಹೆಚ್ಚು. ಗುಂಡಿ ಒತ್ತಿ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಮುಚ್ಚಿಬಿಡಿ. ದಸರೆಗೆ ಮನೆ ತುಂಬ ನೆಂಟರು ಬಂದಾಗ ಎಲ್ಲರಿಗೂ ಒಂದೇ ಪಾಸ್‌ವರ್ಡು ಹೇಳುವುದಕ್ಕಿಂತ ‘ಗೆಸ್ಟ್’ ಜಾಲವೊಂದನ್ನು ತೆರೆದು, ಅವರು ಹೊರಟ ಮೇಲೆ ಮುಚ್ಚಬಹುದು.

ಹಂತ 7: ಅಳತೆ, ಆಮೇಲೆ ಕರೆಂಟು

ಮೊದಲು ರೂಟರಿನ ಪಕ್ಕದಲ್ಲೇ ತಂತಿ ಜೋಡಿಸಿ ವೇಗ ನೋಡಿ, ನಂತರ ಪ್ರತಿ ಕೋಣೆಯ ಅಳತೆಯನ್ನು ನಕ್ಷೆಯ ಮೇಲೆ ಬರೆದುಕೊಳ್ಳಿ. ಫೈಲು ಇಳಿಸುವಾಗ ಕಾಣುವ ಲೆಕ್ಕ ಮೆಗಾಬೈಟಿನದು. ಎಂಟು ಬಿಟ್ಟಿಗೆ ಒಂದು ಬೈಟು, ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12 ಮೆಗಾಬೈಟು ಬಂದರೆ ಯಾರೂ ನಿಮಗೆ ಮೋಸ ಮಾಡಿಲ್ಲ.

ಕರೆಂಟು ಹೋದಾಗ ಜಾಲ ಉಳಿಯಬೇಕಾದರೆ ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್, ಎರಡನೆಯ ಪೆಟ್ಟಿಗೆ ನಾಲ್ಕಕ್ಕೂ ಬ್ಯಾಟರಿಯ ಆಸರೆ ಇರಬೇಕು; ಒಂದನ್ನು ಬಿಟ್ಟರೂ ಸರಪಳಿ ಕಡಿಯುತ್ತದೆ. ಮನೆಯ ಇನ್ವರ್ಟರಿನಲ್ಲಿ ‘ಯುಪಿಎಸ್ ಮೋಡ್’ ಇದ್ದರೆ ಅದನ್ನು ಆರಿಸಿದಾಗ ಕರೆಂಟು ಬದಲಾಗುವ ಕ್ಷಣದಲ್ಲಿ ರೂಟರ್ ಆರಿ ಹೊತ್ತುವುದು ತಪ್ಪುತ್ತದೆ. ಇನ್ವರ್ಟರ್ ಇಲ್ಲದವರು ಚಿಕ್ಕ ರೂಟರ್ ಯುಪಿಎಸ್ ಕೊಳ್ಳಬಹುದು, ಆದರೆ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. 12 ವೋಲ್ಟಿನದನ್ನು 9 ವೋಲ್ಟಿನ ಪೆಟ್ಟಿಗೆಗೆ ಚುಚ್ಚಿ ಸುಟ್ಟುಕೊಂಡವರಿದ್ದಾರೆ. ಯಾವ ಕೇಬಲ್ ಯಾವ ಕೋಣೆಗೆಂದು ಎರಡೂ ತುದಿಗೆ ಚೀಟಿ ಅಂಟಿಸಿ, ನಕ್ಷೆಯ ಹಾಳೆಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಹಚ್ಚಿಡಿ. ಪಾಸ್‌ವರ್ಡನ್ನು ಮಾತ್ರ ಅದರ ಮೇಲೆ ಬರೆಯಬೇಡಿ, ಮೀಟರ್ ಓದಲು ತಿಂಗಳಿಗೊಮ್ಮೆ ಜನ ಬರುತ್ತಾರೆ.