ಗಾಳಿ ಹೊರಗೆ ಹೋಗುವ ದಾರಿ: ಇಂಟರ್‌ಕೂಲರ್ ಮತ್ತು ಸ್ಕೂಪ್ ಬದಲಿಸಿಕೊಂಡ ನನ್ನ ಅನುಭವ

ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ 1992ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಇಂಟರ್‌ಕೂಲರ್ (ಟರ್ಬೊ ಎಂಬ ಯಂತ್ರ ಅದುಮಿ ಬಿಸಿಯಾದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವ ಸಾಧನ) ಎಂಜಿನ್ನಿನ ನೆತ್ತಿಯ ಮೇಲಿತ್ತು, ಬಾನೆಟ್ಟಿನ ಮೇಲೆ ಎದ್ದು ನಿಂತ ಸ್ಕೂಪ್ ಎಂಬ ಗಾಳಿಬಾಯಿ ಅದಕ್ಕೆ ಗಾಳಿ ಕೊಡುತ್ತಿತ್ತು. ನನ್ನ ಬಳಿ ಇರುವ ಎರಡನೆಯ ತಲೆಮಾರಿನ, 2 ಲೀಟರ್ ಎಂಜಿನ್ನಿನ ಕಾರಿನಲ್ಲೂ ವ್ಯವಸ್ಥೆ ಇದೇ. ಇಂಥ ಕಾರಿನ ಶಕ್ತಿ ಹೆಚ್ಚಿಸಲು ಹೊರಟವರಲ್ಲಿ ಹೆಚ್ಚಿನವರು ಮೇಲಿನ ಇಂಟರ್‌ಕೂಲರನ್ನು ಕಿತ್ತು, ಬಂಪರಿನ ಹಿಂದೆ ಅದಕ್ಕಿಂತ ದೊಡ್ಡದೊಂದನ್ನು ಕೂರಿಸುತ್ತಾರೆ. ಹಾಗೆ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪೈಪುಗಳು ಉದ್ದವಾಗುತ್ತವೆ, ರೇಡಿಯೇಟರಿಗೆ ಹೋಗುವ ಗಾಳಿ ಮೊದಲೇ ಬಿಸಿಯಾಗುತ್ತದೆ, ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ (ಟರ್ಬೊ ಗಾಳಿಗೆ ಸೇರಿಸುವ ಒತ್ತಡ) ಏರುವುದು ತುಸು ತಡವಾಗುತ್ತದೆ. ಹೆಚ್ಚುವರಿ ಬೂಸ್ಟಿನ ಆಸೆ ನನಗಿರಲಿಲ್ಲವಾದ್ದರಿಂದ ಇದ್ದ ಜಾಗದಲ್ಲೇ ಒಳ್ಳೆಯ ಇಂಟರ್‌ಕೂಲರ್ ಮಾಡಿಕೊಳ್ಳಲು ನಿರ್ಧರಿಸಿದೆ.

ಎಷ್ಟು ಶಾಖ ತೆಗೆಯಬೇಕು ಎಂಬ ಲೆಕ್ಕವನ್ನು ಮೊದಲು ಹಾಕಿಕೊಂಡೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 1 ಬಾರ್ ಬೂಸ್ಟಿಗೆ, ಅಂದರೆ ವಾತಾವರಣದ ಒತ್ತಡದ ಎರಡರಷ್ಟಕ್ಕೆ ಅದುಮಿದಾಗ, ಟರ್ಬೊದಲ್ಲಿ ಗಾಳಿ ಅದುಮುವ ಕಂಪ್ರೆಸರಿನ ದಕ್ಷತೆ ಶೇ. 70 ಎಂದಿಟ್ಟುಕೊಂಡರೆ, ಅದು ಸುಮಾರು 125 ಡಿಗ್ರಿಗೆ ಕಾಯುತ್ತದೆ. ಅದನ್ನು 60 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಗಾಳಿಯ ಸಾಂದ್ರತೆ ಶೇ. 20ರಷ್ಟು ಹೆಚ್ಚುತ್ತದೆ, ಎಂಜಿನ್ ನಾಕ್ ಆಗುವ (ಇಂಧನ ತಾನಾಗಿಯೇ ಹೊತ್ತಿ ಸಿಡಿಯುವ) ಭಯವೂ ಕಡಿಮೆಯಾಗುತ್ತದೆ. 6,500 ಆರ್‌ಪಿಎಮ್‌ನಲ್ಲಿ 2 ಲೀಟರಿನ ಎಂಜಿನ್ ಈ ಬೂಸ್ಟಿನಲ್ಲಿ ಸೆಕೆಂಡಿಗೆ ಸುಮಾರು 200 ಗ್ರಾಂ ಗಾಳಿ ನುಂಗುತ್ತದೆ, ಆದ್ದರಿಂದ ಅದನ್ನು ತಣಿಸಲು ತೆಗೆಯಬೇಕಾದ ಶಾಖ 13 ಕಿಲೋವ್ಯಾಟ್ ದಾಟುತ್ತದೆ. ಇಷ್ಟು ಶಾಖವನ್ನು ಹೊತ್ತೊಯ್ಯಬೇಕಾದದ್ದು ಸ್ಕೂಪಿನಿಂದ ಬರುವ ಹೊರಗಾಳಿ. ಆ ಗಾಳಿಯನ್ನು ತಳ್ಳುವ ಒತ್ತಡವಾದರೋ ತೀರ ಅಲ್ಪ: ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ಪೂರ್ತಿ ಬಲ ಸ್ಕೂಪಿಗೆ ಸಿಕ್ಕಿತೆಂದರೂ ಅದು ಸುಮಾರು 47 ಮಿ.ಮೀ. ಎತ್ತರದ ನೀರನ್ನು ಮಾತ್ರ ಎತ್ತಬಲ್ಲದು. ವೇಗ ಅರ್ಧವಾದರೆ ಅದೂ ಕಾಲುಭಾಗಕ್ಕೆ ಇಳಿಯುತ್ತದೆ.

ಆದ್ದರಿಂದ ಲೋಹ ಕತ್ತರಿಸುವ ಮೊದಲು ಅಳತೆ ಮಾಡಿದೆ. ಕಂಪ್ರೆಸರಿನಿಂದ ಗಾಳಿ ಹೊರಬರುವ ಬಾಯಿಯಲ್ಲೊಂದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಮುಂದೊಂದು ಥರ್ಮೋಕಪಲ್ (ಉಷ್ಣಾಂಶ ಅಳೆಯುವ ಸೆನ್ಸರು) ಕೂರಿಸಿದೆ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ‘ಯು’ ಆಕಾರಕ್ಕೆ ಬಾಗಿಸಿ, ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಅದರ ಒಂದು ತುದಿಯನ್ನು ಇಂಟರ್‌ಕೂಲರ್ ಕೋರಿನ (ಶಾಖ ಬಿಟ್ಟುಕೊಡುವ ನಡುಭಾಗದ) ಮೇಲ್ಭಾಗಕ್ಕೂ ಇನ್ನೊಂದು ತುದಿಯನ್ನು ಕೆಳಭಾಗಕ್ಕೂ ಒಯ್ದೆ. ನಳಿಕೆಯ ಬಾಯಿಗೆ ಗಾಳಿ ನೇರವಾಗಿ ಬಡಿದರೆ ಅಳತೆ ಕೆಡುವುದರಿಂದ ಎರಡೂ ತುದಿಗಳಿಗೆ ಸ್ಪಂಜಿನ ತುಂಡು ಸುತ್ತಿದೆ. ಒಂದು ತುದಿಯನ್ನು ಕಾರಿನೊಳಗೆ ತೆರೆದಿಟ್ಟು ಅಳೆಯುವವರಿದ್ದಾರೆ; ಕ್ಯಾಬಿನ್ನಿನ ಒತ್ತಡವೇ ವೇಗದೊಂದಿಗೆ ಬದಲಾಗುವುದರಿಂದ ಆ ಅಳತೆಯನ್ನು ನಾನು ನಂಬುವುದಿಲ್ಲ. ಕೋರಿನೊಳಗೆ ಗಾಳಿ ಹರಿಸುವುದು ಅದರ ಮೇಲಿನ ಮತ್ತು ಕೆಳಗಿನ ಒತ್ತಡಗಳ ವ್ಯತ್ಯಾಸ, ಅಳೆಯಬೇಕಾದದ್ದೂ ಅದನ್ನೇ. ಪಕ್ಕದ ಸೀಟಿನಲ್ಲಿ ಗೆಳೆಯನನ್ನು ಕೂರಿಸಿಕೊಂಡು, ಬೇರೆ ವಾಹನಗಳಿಲ್ಲದ ಟ್ರ್ಯಾಕಿನಲ್ಲಿ ಒಂದೇ ವೇಗದಲ್ಲಿ ಓಡಿಸಿದೆ.

ಗಂಟೆಗೆ 100 ಕಿ.ಮೀ.ನಲ್ಲಿ ಸಿಕ್ಕ ವ್ಯತ್ಯಾಸ ಬರೀ 13 ಮಿ.ಮೀ. ಹೊರಗಿನ ಉಷ್ಣಾಂಶ 28 ಡಿಗ್ರಿ ಇದ್ದಾಗ, ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ನಿಗೆ ಹೋಗುತ್ತಿದ್ದ ಗಾಳಿ 71 ಡಿಗ್ರಿ ಇತ್ತು. ಕೊರತೆ ಸ್ಕೂಪಿನದೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಬಾನೆಟ್ಟಿನಡಿಯ ಜಾಗಕ್ಕೆ ರೇಡಿಯೇಟರ್ ದಾಟಿದ ಗಾಳಿಯೂ ಬಂದು ಸೇರಿ ಅಲ್ಲಿ ಒತ್ತಡ ಏರಿರುತ್ತದೆ, ಕೋರಿನಿಂದ ಕೆಳಗಿಳಿಯುವ ಗಾಳಿ ಆ ಒತ್ತಡದ ಎದುರು ಇಳಿಯಬೇಕಾಗುತ್ತದೆ. ಮುಂಬಾಗಿಲು ತೆರೆದು ಹಿತ್ತಿಲ ಬಾಗಿಲು ಮುಚ್ಚಿದ ಮನೆಯಲ್ಲಿ ಗಾಳಿಯಾಡುವುದಿಲ್ಲ. ಮುಂಬಾಗಿಲನ್ನು ಇನ್ನಷ್ಟು ಅಗಲ ಮಾಡಿದರೂ ಫಲವಿಲ್ಲ.

ಹಾಗಾಗಿ ಮೊದಲ ಕೆಲಸ ಕಾರಿನ ಅಡಿಯಲ್ಲಿ ನಡೆಯಿತು. ಕೋರಿನ ಕೆಳಗಿನಿಂದ ಗೇರ್‌ಬಾಕ್ಸಿನ ಹಿಂದಿನ ಸುರಂಗದ ಕಡೆಗೆ ಗಾಳಿ ಇಳಿಯುವಂತೆ ತೆಳು ಅಲ್ಯೂಮಿನಿಯಂ ತಗಡಿನ ದಾರಿ ಮಾಡಿ, ರೇಡಿಯೇಟರಿನ ಗಾಳಿ ಅದರೊಳಗೆ ನುಗ್ಗದಂತೆ ಅಡ್ಡಗಟ್ಟಿದೆ. ಎಂಜಿನ್ನಿನ ಕೆಳಗಿನ ಅಂಡರ್‌ಟ್ರೇಯ ಹಿಂದಿನ ಅಂಚಿಗೆ ಕೆಳಮುಖವಾಗಿ 25 ಮಿ.ಮೀ. ಎತ್ತರದ ಪಟ್ಟಿಯೊಂದನ್ನು ರಿವೆಟ್ ಮಾಡಿದೆ. ಕಾರಿನಡಿ ಹರಿಯುವ ಗಾಳಿ ಆ ಪಟ್ಟಿಗೆ ತಾಗಿ ಹಾರಿದಾಗ ಅದರ ಹಿಂದೆ ಒತ್ತಡ ಕುಸಿದು, ಮೇಲಿನ ಬಿಸಿಗಾಳಿಯನ್ನು ಕೆಳಕ್ಕೆ ಸೆಳೆಯುತ್ತದೆ. ಎಕ್ಸಾಸ್ಟಿನ ಡೌನ್‌ಪೈಪ್ ಇದೇ ಜಾಗದಲ್ಲಿ ಇಳಿಯುವುದರಿಂದ ಅದಕ್ಕೂ ಟರ್ಬೊಗೂ ಶಾಖತಡೆ ಹೊದಿಸಿದ ಮೇಲೆಯೇ ತಗಡನ್ನು ಕೂರಿಸಬೇಕು. ಇದರ ಜೊತೆಗೆ ಬಾನೆಟ್ಟಿನ ಒಳಮೈಯ ಡಕ್ಟು ಕೋರಿಗೆ ತಾಗುವ ಅಂಚಿನ ಹಳೆಯ ರಬ್ಬರನ್ನು ಬದಲಿಸಿದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ: ಇಂಟರ್‌ಕೂಲರ್ ಎಂಜಿನ್ನಿನ ಜೊತೆ ಅಲುಗುತ್ತದೆ, ಡಕ್ಟು ಬಾನೆಟ್ಟಿನ ಜೊತೆ ನಿಂತಿರುತ್ತದೆ. ಗೇರ್ ಬದಲಿಸುವಾಗ ಎಂಜಿನ್ ಮೌಂಟಿನ ಮೇಲೆ ಹೊರಳಿದರೂ ಸಂದು ಬಿಡದಂತೆ, 15 ಮಿ.ಮೀ.ವರೆಗೆ ಅದುಮಿ ಮತ್ತೆ ಉಬ್ಬುವ ಮುಚ್ಚಿದ ರಂಧ್ರಗಳ ಇಪಿಡಿಎಮ್ ಫೋಮ್ ಅಲ್ಲಿಗೆ ಬೇಕು. ಸಾಧಾರಣ ಸ್ಪಂಜು ಕೆಲವೇ ವಾರಗಳಲ್ಲಿ ಚಪ್ಪಟೆಯಾಗಿ ಬಿಡುತ್ತದೆ. ಹಳೆಯ ಕೋರು, ಹಳೆಯ ಸ್ಕೂಪು ಇಟ್ಟುಕೊಂಡೇ ಮತ್ತೆ ಅಳೆದಾಗ ಒತ್ತಡದ ವ್ಯತ್ಯಾಸ 24 ಮಿ.ಮೀ.ಗೆ ಏರಿತ್ತು, 71 ಡಿಗ್ರಿ ಇದ್ದ ಗಾಳಿ 62ಕ್ಕೆ ಇಳಿದಿತ್ತು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಭಾಗವೂ ಇದೇ.

ಆಮೇಲೆ ಕೋರಿನ ಸರದಿ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೋರುಗಳಿವೆ. ಬಾರ್-ಪ್ಲೇಟ್ ಕೋರು ಗಟ್ಟಿ, ಭಾರ ಹೆಚ್ಚು, ಲೋಹ ಹೆಚ್ಚಿರುವುದರಿಂದ ಚುಟುಕು ಓಟದಲ್ಲಿ ಶಾಖವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದರ ಚೌಕ ಅಂಚುಗಳು ಹೊರಗಾಳಿಗೆ ಹೆಚ್ಚು ಅಡ್ಡಿ ಮಾಡುತ್ತವೆ. ಟ್ಯೂಬ್-ಫಿನ್ ಕೋರು ಹಗುರ, ಹೊರಗಾಳಿ ಅದರಲ್ಲಿ ಸಲೀಸಾಗಿ ಹಾಯುತ್ತದೆ. ನನ್ನಲ್ಲಿದ್ದ ಬಲವೇ ಇಪ್ಪತ್ತು ಚಿಲ್ಲರೆ ಮಿ.ಮೀ. ನೀರಿನಷ್ಟಾದ್ದರಿಂದ ಟ್ಯೂಬ್-ಫಿನ್ ಆರಿಸಿದೆ. ಕೋರನ್ನು ದಪ್ಪ ಮಾಡುವ ಬದಲು ಅಗಲ ಮಾಡಿದೆ. ದಪ್ಪ ಕೋರಿನ ಹಿಂದಿನ ಅರ್ಧಕ್ಕೆ ತಲುಪುವುದು ಮುಂದಿನ ಅರ್ಧದಲ್ಲಿ ಆಗಲೇ ಬಿಸಿಯಾದ ಗಾಳಿ, ಆದ್ದರಿಂದ ದಪ್ಪ ಎರಡರಷ್ಟಾದರೆ ತಂಪು ಎರಡರಷ್ಟಾಗುವುದಿಲ್ಲ. ಬಾನೆಟ್ಟು ಮತ್ತು ಫೈರ್‌ವಾಲ್ ಬಿಟ್ಟುಕೊಟ್ಟ ಜಾಗದಲ್ಲಿ ಮುಖದ ವಿಸ್ತಾರವನ್ನು ಮೂರನೇ ಒಂದರಷ್ಟು ಹೆಚ್ಚಿಸಲು ಸಾಧ್ಯವಾಯಿತು.

ಕೋರಿನ ಎರಡೂ ತುದಿಯಲ್ಲಿ ಗಾಳಿ ಹಂಚುವ, ಕೂಡಿಸುವ ಟ್ಯಾಂಕುಗಳನ್ನು 3 ಮಿ.ಮೀ. ದಪ್ಪದ 3003 ಅಲ್ಯೂಮಿನಿಯಂ ತಗಡಿನಿಂದ ಮಾಡಿದೆ. ಈ ಮಿಶ್ರಲೋಹ ಬಿರುಕು ಬಿಡದೆ ಬಾಗುತ್ತದೆ, 4043 ಫಿಲ್ಲರ್ ಕಡ್ಡಿಯೊಂದಿಗೆ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಬಹಳ ಕಡೆ ಕೈಗೆ ಸಿಗುವ 5356 ಕಡ್ಡಿಯಲ್ಲಿ ಮೆಗ್ನೀಸಿಯಂ ಹೆಚ್ಚಿರುವುದರಿಂದ 65 ಡಿಗ್ರಿ ಮೀರಿದ ಶಾಖದಲ್ಲಿ ಸದಾ ಇರುವ ಬೆಸುಗೆಗೆ ಅದು ತಕ್ಕದ್ದಲ್ಲ. ಟರ್ಬೊ ಕಡೆಯ ಟ್ಯಾಂಕು ನೂರು ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗಿಂತ ಹೆಚ್ಚು ಬೇಕಾದ್ದರಿಂದ, ಅಂಚುಗಳನ್ನು ಅಸಿಟೋನಿನಲ್ಲಿ ಒರೆಸಿ, ಅಲ್ಯೂಮಿನಿಯಂಗೆಂದೇ ಇಟ್ಟುಕೊಂಡ ಸ್ಟೇನ್‌ಲೆಸ್ ಬ್ರಶ್ಶಿನಲ್ಲಿ ಉಜ್ಜಿ, ಎಸಿ ಟಿಗ್ (ಎಸಿ ವಿದ್ಯುತ್ತಿನ ಆರ್ಕ್ ಬೆಸುಗೆ) ವಿಧಾನದಲ್ಲಿ ವೆಲ್ಡ್ ಮಾಡಿದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಮಾತ್ರ ವೆಲ್ಡಿಂಗ್ ಮೇಜಿನ ಹತ್ತಿರವೂ ತರಬಾರದು. ಆರ್ಕಿನ ಬೆಳಕು ಮತ್ತು ಶಾಖಕ್ಕೆ ಸಿಕ್ಕ ಅದರ ಆವಿಯಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಟ್ಯಾಂಕಿನ ಆಕಾರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಪೂರ್ತಿ ಬೆಸೆಯುವ ಮೊದಲು ಅಲ್ಲಲ್ಲಿ ಟ್ಯಾಕ್ ಹಾಕಿ, ಸಂದುಗಳಿಗೆ ಟೇಪ್ ಅಂಟಿಸಿ, ವ್ಯಾಕ್ಯೂಮ್ ಕ್ಲೀನರಿನ ಗಾಳಿಯನ್ನು ಒಳಹಾದಿಯ ಬಾಯಿಗೆ ಊದಿಸಿ, ಇನ್ನೊಂದು ತುದಿಯಲ್ಲಿ ತೆರೆದಿದ್ದ ಒಂದೊಂದೇ ಟ್ಯೂಬಿನ ಮುಂದೆ ಆ ‘ಯು’ ನಳಿಕೆಗೆ ಜೋಡಿಸಿದ ಸಣ್ಣ ನಳಿಕೆ ಹಿಡಿದು ನೋಡುತ್ತಾ ಹೋದೆ. ಬಾಯಿಯ ನೇರಕ್ಕಿದ್ದ ಟ್ಯೂಬುಗಳ ಮುಂದೆ ನೀರಿನ ಮಟ್ಟ ಜಿಗಿಯುತ್ತಿತ್ತು, ಮೂಲೆಯ ಟ್ಯೂಬುಗಳ ಮುಂದೆ ಅಲುಗುತ್ತಲೇ ಇರಲಿಲ್ಲ. ಟ್ಯಾಂಕಿನ ಒಳಗೆ ಬಾಗಿದ ತಗಡಿನ ಒಂದೇ ಒಂದು ರೆಕ್ಕೆಯನ್ನು ಬೆಸೆದು ಹರಿವನ್ನು ಮೂಲೆಯ ಕಡೆಗೆ ಹಂಚಿದ ಮೇಲೆ ಎರಡರ ನಡುವಿನ ಅಂತರ ಬಹುಮಟ್ಟಿಗೆ ಅಳಿಯಿತು. ಪೈಪಿನ ತುದಿಗಳಿಗೆ ಏಣು ಹೊಡೆದು ಸಿಲಿಕೋನ್ ಹೋಸ್ ಜಾರದಂತೆ ಮಾಡಿದೆ, ಥ್ರಾಟಲ್ ಮುಚ್ಚಿದಾಗ ಅದುಮಿದ ಗಾಳಿಯನ್ನು ಟರ್ಬೊದ ಮುಂದಕ್ಕೆ ಮರಳಿಸುವ ರೀಸರ್ಕ್ಯುಲೇಶನ್ ವಾಲ್ವಿನ ಫ್ಲ್ಯಾಂಜನ್ನು ಹಳೆಯ ಅಳತೆಗೇ ಕೂರಿಸಿದೆ. ಬಳಿಕ 1.5 ಬಾರ್ ಒತ್ತಡ ತುಂಬಿ ಸೋಪಿನ ನೀರು ಹಚ್ಚಿ ಸೋರಿಕೆ ಪರೀಕ್ಷಿಸಿದೆ. ಪೂರ್ತಿ ಹರಿವಿನಲ್ಲಿ ಹಳೆಯ ಇಂಟರ್‌ಕೂಲರ್ 0.16 ಬಾರ್ ಒತ್ತಡ ನುಂಗುತ್ತಿತ್ತು. ಹೊಸದರಲ್ಲಿ ನಷ್ಟ 0.09 ಬಾರ್. ಟರ್ಬೊ ಅಷ್ಟರಮಟ್ಟಿಗೆ ಕಡಿಮೆ ದುಡಿಯುವುದರಿಂದ ಅದರಿಂದ ಹೊರಬರುವ ಗಾಳಿಯೇ ಕೆಲವು ಡಿಗ್ರಿ ತಂಪಾಯಿತು. ಈ ಹಂತದಲ್ಲಿ ಥ್ರಾಟಲಿನ ಮುಂದಿನ ಉಷ್ಣಾಂಶ 54 ಡಿಗ್ರಿ.

ನೋಡುವವರ ಕಣ್ಣಿಗೆ ಬೀಳುವುದು ಸ್ಕೂಪು. ಅದನ್ನು ನಾನು ಕೊನೆಗೆ ಇಟ್ಟುಕೊಂಡೆ. ಸ್ಕೂಪಿನ ಬಾಯಿ ಕೋರಿನಷ್ಟೇ ದೊಡ್ಡದಿರಬೇಕೆಂಬ ನಂಬಿಕೆಯಲ್ಲಿ ಹುರುಳಿಲ್ಲ. ಕೋರಿನ ಮುಖದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಬಾಯಿ ಸಾಕು. ಅದಕ್ಕಿಂತ ಹೆಚ್ಚಾದ ಗಾಳಿ ಒಳಗೆ ಹೋಗಲಾಗದೆ ಅಂಚಿನಿಂದ ಚೆಲ್ಲಿ ಎಳೆತವನ್ನು ಮಾತ್ರ ಹೆಚ್ಚಿಸುತ್ತದೆ. ಒಳಗೆ ಬಂದ ಗಾಳಿ ಹಿಗ್ಗುತ್ತಾ ನಿಧಾನವಾಗಿ, ಅದರ ವೇಗ ಒತ್ತಡವಾಗಿ ಬದಲಾಗಬೇಕು. ಇದಕ್ಕಾಗಿ ಒಳಗೋಡೆಗಳು ಹರಿವಿನ ದಿಕ್ಕಿನಿಂದ ಒಂದೊಂದು ಬದಿಗೆ 7 ಡಿಗ್ರಿಗಿಂತ ಹೆಚ್ಚು ಅಗಲವಾಗದಂತೆ ನೋಡಿಕೊಂಡೆ, ಅಷ್ಟು ಉದ್ದ ಸಿಗದ ಕಡೆ ನಡುವೆ ರೆಕ್ಕೆಗಳನ್ನಿಟ್ಟು ದಾರಿಯನ್ನು ಭಾಗ ಮಾಡಿದೆ. ಬಾನೆಟ್ಟಿನ ಮೈಗೆ ಅಂಟಿಕೊಂಡು ಬರುವ ನಿಧಾನಗತಿಯ ಗಾಳಿಯ ಪದರ ಆ ಜಾಗದಲ್ಲಿ ಸುಮಾರು 2 ಸೆಂ.ಮೀ. ದಪ್ಪವಿರುತ್ತದೆ. ಸ್ಕೂಪಿನ ಕೆಳತುಟಿಯನ್ನು ಅದರ ಮೇಲಕ್ಕೆ ಎತ್ತಿ, ತುಟಿಯ ಅಂಚನ್ನು ಗುಂಡಾಗಿಸಿದೆ. ಎತ್ತರ ಎಷ್ಟಿರಬೇಕೆಂಬುದನ್ನು ರಟ್ಟಿನ ಮಾದರಿ ಅಂಟಿಸಿ ಚಾಲಕನ ಸೀಟಿನಲ್ಲಿ ಕೂತೇ ತೀರ್ಮಾನಿಸಬೇಕು, ಏಕೆಂದರೆ ರಸ್ತೆ ಕಾಣದಂತೆ ಮಾಡುವ ಸ್ಕೂಪಿನಿಂದ ಯಾರಿಗೂ ಲಾಭವಿಲ್ಲ. ಬಾನೆಟ್ಟಿನ ಮೇಲೆ ಉಣ್ಣೆಯ ಎಳೆಗಳನ್ನು ಟೇಪಿನಿಂದ ಅಂಟಿಸಿ ಓಡಿಸಿದಾಗ, ರಟ್ಟಿನ ಮೊದಲ ಆಕಾರದ ಪಕ್ಕದ ಎಳೆಗಳು ಗಿರಗಿರನೆ ಸುತ್ತುತ್ತಿದ್ದವು. ಬದಿಗಳನ್ನು ಇನ್ನಷ್ಟು ಇಳಿಜಾರು ಮಾಡಿದ ಮೇಲೆ ಅವು ಹಿಂದಕ್ಕೆ ನೇರವಾಗಿ ಮಲಗಿದವು.

ಸ್ಕೂಪನ್ನು ಪಾಲಿಯುರೆಥೇನ್ ಫೋಮಿನ ಅಚ್ಚಿನ ಮೇಲೆ ಗಾಜಿನ ನೂಲಿನ ಬಟ್ಟೆ ಮತ್ತು ಎಪಾಕ್ಸಿಯಿಂದ ಮಾಡಿದೆ. ಎಪಾಕ್ಸಿ ಬಳಸುವವರು ಕತ್ತರಿಸಿದ ನಾರಿನ ಚಾಪೆಯನ್ನು ಬಿಟ್ಟು ನೇಯ್ದ ಬಟ್ಟೆಯನ್ನೇ ತರಬೇಕು. ಸಾಮಾನ್ಯ ಚಾಪೆಯ ಅಂಟು ಪಾಲಿಯೆಸ್ಟರ್ ರಾಳದ ಸ್ಟೈರೀನಿನಲ್ಲಿ ಕರಗುತ್ತದೆಯೇ ಹೊರತು ಎಪಾಕ್ಸಿಯಲ್ಲಲ್ಲ. ಗಟ್ಟಿಯಾದ ಮೇಲೆ ತಯಾರಕರು ಹೇಳಿದ ಶಾಖದಲ್ಲಿ ಮತ್ತೊಮ್ಮೆ ಹದ ಮಾಡದಿದ್ದರೆ ಎಂಜಿನ್ನಿನ ಬಿಸಿಗೆ ಅದು ಮೆತ್ತಗಾಗುತ್ತದೆ. ಬಾನೆಟ್ಟನ್ನು ಕತ್ತರಿಸುವಾಗ ಒಳಮೈಯ ಬಲಪಟ್ಟಿಗಳನ್ನು ಮುಟ್ಟಲಿಲ್ಲ, ಕತ್ತರಿಸಿದ ಅಂಚಿಗೆ ಕೂಡಲೇ ಪ್ರೈಮರ್ ಬಳಿದೆ. ಇಷ್ಟೆಲ್ಲ ಆದ ಮೇಲೆ ಒತ್ತಡದ ವ್ಯತ್ಯಾಸ 31 ಮಿ.ಮೀ., ಉಷ್ಣಾಂಶ 50 ಡಿಗ್ರಿ. ಅತಿ ಹೆಚ್ಚು ಶ್ರಮ ಬೇಡಿದ ಭಾಗ ಕೊಟ್ಟದ್ದು ನಾಲ್ಕೇ ಡಿಗ್ರಿ.

ಗಾಳಿ ತಂಪಾದ ಮಾತ್ರಕ್ಕೆ ಎಂಜಿನ್ ಅದನ್ನು ಪೂರ್ತಿ ಬಳಸಿಕೊಳ್ಳುವುದಿಲ್ಲ. ಈ ಕಾರಿನ ಏರ್‌ಫ್ಲೋ ಸೆನ್ಸರು ಮತ್ತು ಅದರಲ್ಲೇ ಇರುವ ಉಷ್ಣಾಂಶದ ಸೆನ್ಸರು ಟರ್ಬೊಗಿಂತ ಮೊದಲೇ ಇರುವುದರಿಂದ, ಹೆಚ್ಚಿದ ಗಾಳಿಗೆ ತಕ್ಕ ಇಂಧನವನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕ ಹಾಕುತ್ತದೆ, ಆದರೆ ಇಂಟರ್‌ಕೂಲರ್ ದಾಟಿದ ಗಾಳಿ ಎಷ್ಟು ತಣ್ಣಗಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಇಗ್ನಿಷನ್ ಟೈಮಿಂಗಿನ (ಕಿಡಿ ಹಾರುವ ಹೊತ್ತಿನ) ಲಾಭ ಬೇಕಿದ್ದರೆ ಎಕ್ಸಾಸ್ಟಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ನಾಕ್ ಗಮನಿಸುತ್ತಾ, ಅನುಭವಿ ಟ್ಯೂನರ್ ಕೈಯಲ್ಲಿ ಇಸಿಯುವಿನ ಮ್ಯಾಪ್ (ಇಂಧನ, ಟೈಮಿಂಗಿನ ಕೋಷ್ಟಕ) ತಿದ್ದಿಸಬೇಕು. ಸೆನ್ಸರು ಎಣಿಸಿದ ಗಾಳಿಯನ್ನು ಹೊರಕ್ಕೆ ಬಿಟ್ಟರೆ ಇಂಧನದ ಪ್ರಮಾಣ ಏರುಪೇರಾಗುತ್ತದೆ ಎಂಬ ಕಾರಣಕ್ಕೇ ನಾನು ಸದ್ದು ಮಾಡುವ ಬ್ಲೋ-ಆಫ್ ವಾಲ್ವಿನ ಗೊಡವೆಗೆ ಹೋಗಲಿಲ್ಲ.

ನಿಂತ ಕಾರಿನಲ್ಲಿ ಈ ಯಾವ ಬದಲಾವಣೆಯೂ ನೆರವಾಗುವುದಿಲ್ಲ. ಸಿಗ್ನಲಿನಲ್ಲಿ ಕೆಲವು ನಿಮಿಷ ನಿಂತರೆ ಎಂಜಿನ್ನಿನ ಬಿಸಿಗಾಳಿ ಕೋರಿನ ಮೂಲಕ ಮೇಲಕ್ಕೆದ್ದು ಸ್ಕೂಪಿನಿಂದ ಹೊರಬೀಳುತ್ತದೆ, ನಳಿಕೆಯ ನೀರು ತುಸು ಹಿಮ್ಮುಖವಾಗಿ ಸರಿಯುತ್ತದೆ. ಶಾಖತಡೆ ಹೊದಿಸಿದ ಮೇಲೆ ಆ ಬಿಸಿ ಕಡಿಮೆಯಾಗಿದೆ, ಕಾರು ವೇಗ ಹಿಡಿದರೆ ಅರ್ಧ ನಿಮಿಷದೊಳಗೆ ಇಳಿದೂ ಹೋಗುತ್ತದೆ. ಸಂಚಾರ ದಟ್ಟಣೆಯಲ್ಲೇ ಹೆಚ್ಚು ಓಡಿಸುವವರಿಗೆ ಬಂಪರಿನ ಹಿಂದಿನ ಇಂಟರ್‌ಕೂಲರೇ ಒಳ್ಳೆಯದು.