ಜಾಡಿಯೊಳಗೆ ಕಾಡು ಕಟ್ಟಿ ತೂಗಿ ನೋಡಿ

ಕಾಡಿನಲ್ಲಿ ನೀರು, ಇಂಗಾಲ, ಸಾರಜನಕ ಸುತ್ತಿ ಸುತ್ತಿ ಬರುತ್ತವೆ. ಬಿಸಿಲಿನ ಶಕ್ತಿ ಮಾತ್ರ ಬಂದ ದಾರಿಯಲ್ಲಿ ಮರಳುವುದಿಲ್ಲ. ಮಕ್ಕಳು ಇದನ್ನು ಬಾಯಿಪಾಠ ಮಾಡುವ ಬದಲು ಎರಡು ಗಾಜಿನ ಜಾಡಿ ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ನೋಡಬಹುದು. ಮಂಗಳೂರು, ಉಡುಪಿ ಕಡೆ ಉಳಿದದ್ದೆಲ್ಲ ಹಿತ್ತಲಲ್ಲೇ ಸಿಗುತ್ತದೆ.

ಜಾಡಿ ಒಂದೊಂದೂ ಎರಡು ಲೀಟರಿನದ್ದಾಗಿರಲಿ, ಮುಚ್ಚಳಕ್ಕೆ ರಬ್ಬರ್ ರಿಂಗ್ ಇರಲೇಬೇಕು. ತಳಕ್ಕೆ 2 ಸೆಂ.ಮೀ. ಸಣ್ಣ ಜಲ್ಲಿ, ಅದರ ಮೇಲೆ ಒಂದು ಹಿಡಿ ಗೆರಟೆ ಇದ್ದಿಲಿನ ಚೂರು, ಮತ್ತೆ 5 ಸೆಂ.ಮೀ. ಮಣ್ಣು. ಮಣ್ಣನ್ನು ಅಂಗಡಿಯಿಂದ ತರಬೇಡಿ. ಹಲಸಿನ ಮರದ ಬುಡದ ತರಗೆಲೆ ಸರಿಸಿದರೆ ಸಿಗುವ ಕಪ್ಪು ಮಣ್ಣೇ ಆಗಬೇಕು. ಬಿಳಿ ನೂಲಿನಂಥ ಶಿಲೀಂಧ್ರವೂ ಬ್ಯಾಕ್ಟೀರಿಯಾವೂ ಇರುವುದು ಅದರಲ್ಲಿ. ಅವಿಲ್ಲದಿದ್ದರೆ ಉದುರಿದ ಎಲೆ ಬಿದ್ದಲ್ಲೇ ಬಿದ್ದಿರುತ್ತದೆ, ಅದರೊಳಗಿನ ಸತ್ವ ಗಿಡಕ್ಕೆ ಮರಳುವುದಿಲ್ಲ.

ಕೆಂಪುಕಲ್ಲಿನ ಪಾಗಾರದ ಪಾಚಿ, ಪುಟ್ಟ ಜರೀಗಿಡ, ಬೇರುಸಹಿತ ಒಂದು ತಿಮರೆ (ಒಂದೆಲಗ) ನೆಡಿ. ಗಾಜಿಗೆ ಅಂಟಿದಂತೆ ನಾಲ್ಕು ನುಗ್ಗೆ ಎಲೆ, ಒಂದು ಚೂರು ಹಲಸಿನ ಎಲೆ ಇಡಿ. ನುಗ್ಗೆ ಎಲೆ ಬೇಗ ಕರಗುತ್ತದೆ, ದಪ್ಪನೆಯ ಹಲಸಿನ ಎಲೆಗೆ ತಿಂಗಳುಗಳೇ ಬೇಕು. ನಾಲ್ಕು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಿ.

ಹೆಚ್ಚಾಗಿ ಕೆಡುವುದು ನೀರಿನಿಂದ. ಬೆಳಿಗ್ಗೆ ಗಾಜಿನ ಮೇಲೆ ಹನಿ ಮೂಡಿ ಮಧ್ಯಾಹ್ನಕ್ಕೆ ಆರಿದರೆ ಸರಿಯಿದೆ. ದಿನವಿಡೀ ಹನಿ ಇಳಿಯುತ್ತಿದ್ದರೆ ಅರ್ಧ ದಿನ ಮುಚ್ಚಳ ತೆಗೆದಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಣ್ಣೊಳಗೆ ಗಾಳಿಯಿಲ್ಲ, ಬೇರು ಕೊಳೆಯುತ್ತಿದೆ ಎಂದರ್ಥ; ಮಣ್ಣು ಬದಲಿಸಿ. ನೇರ ಬಿಸಿಲಿಗಂತೂ ಇಡಲೇಬೇಡಿ, ಮುಚ್ಚಿದ ಗಾಜಿನೊಳಗೆ ಗಿಡ ಬೆಂದುಹೋಗುತ್ತದೆ.

ಒಂದು ವಾರ ಹೀಗೆ ಹದ ನೋಡಿ. ಆಮೇಲೆ ಮುಚ್ಚಳ ತೆಗೆಯಬಾರದು. ಎರಡನ್ನೂ ತೂಗಿ ಬರೆದಿಡಿ. ಒಂದು ಕಿಟಕಿಯ ಬೆಳಕಿಗೆ, ಇನ್ನೊಂದು ಕಪಾಟಿನ ಕತ್ತಲಿಗೆ. ವಾರಕ್ಕೊಮ್ಮೆ ತೂಗಿ. ಮಳೆಗಾಲದಲ್ಲಿ ಹೊರಗಿನ ಪಸೆ ಒರೆಸದೆ ತೂಗಿದರೆ ಲೆಕ್ಕ ತಪ್ಪುತ್ತದೆ.

ಕೆಲವು ವಾರಗಳಲ್ಲಿ ಕತ್ತಲ ಜಾಡಿಯ ತಿಮರೆ ಬಿಳಚಿ, ಸೊರಗಿ, ಬೂಸ್ಟು ಹಿಡಿಯುತ್ತದೆ. ತೂಕ ಮಾತ್ರ ಎರಡರದ್ದೂ ಹಾಗೇ ಇರುತ್ತದೆ! ಕತ್ತಲ ಜಾಡಿಯಲ್ಲಿ ನೀರೂ ಇತ್ತು, ಗೊಬ್ಬರವೂ ಇತ್ತು. ಬರದೇ ಹೋದದ್ದು ಬೆಳಕು. ಗಿಡ, ಶಿಲೀಂಧ್ರ, ಹುಳ ಎಲ್ಲವೂ ಉಸಿರಾಡುವಾಗ ಶಕ್ತಿ ಶಾಖವಾಗಿ ಗಾಜು ದಾಟಿ ಹೊರಬೀಳುತ್ತದೆ. ಆ ಶಾಖದಿಂದ ಗಿಡ ಮತ್ತೆ ಆಹಾರ ತಯಾರಿಸಲಾರದು, ಹಾಗಾಗಿ ಬೆಳಕು ದಿನವೂ ಹೊಸದಾಗಿ ಬರಬೇಕು.

ಬೈಲಿನ ಗದ್ದೆಯಲ್ಲೂ ಇದೇ ಲೆಕ್ಕ. ತಿಂದವರ ಮೈಗೆ ಸೇರುವುದು ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ. ಹುಲ್ಲಿನಲ್ಲಿ 1000 ಪಾಲಿದ್ದರೆ ಮಿಡತೆಗೆ 100, ಕಪ್ಪೆಗೆ 10, ಕೇರೆ ಹಾವಿಗೆ 1. ಅದಕ್ಕೇ ಜಾಡಿಗೆ ಮಿಡತೆಯನ್ನಾಗಲಿ ಕಪ್ಪೆಮರಿಯನ್ನಾಗಲಿ ಬಿಡಬೇಡಿ. ಅಂಗೈಯಗಲದ ಹಸಿರು ಅದರ ಹೊಟ್ಟೆಗೆ ಸಾಲದು.